ಕಾಲೇಜಿಗೆ ಸೇರಿಸಿದರೆ ಮುಗಿಯಿತೇ? ವಿಕಲಚೇತನ ವಿದ್ಯಾರ್ಥಿಗಳು ಕೇಳಿ ಪಡೆಯಬೇಕಾದ ಅನುಕೂಲಗಳು



ವಿಕಲಚೇತನರ ಮಾಸಾಶನ, ಬಸ್ ಪಾಸು, ಗುರುತಿನ ಚೀಟಿ ಇವುಗಳ ಬಗ್ಗೆ ನಮ್ಮ ಸಂಘಗಳಲ್ಲಿ ಬೇಕಾದಷ್ಟು ಸಲ ಮಾತಾಡಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ನಮ್ಮ ಊರುಗಳಿಂದ ಪಿಯುಸಿ ಪಾಸಾಗಿ ಡಿಗ್ರಿಗೆ ಹೋಗುವ ವಿಕಲಚೇತನ ಮಕ್ಕಳು ಈಗ ಇದ್ದಾರೆ. ಸೀಟು ಸಿಗುವ ತನಕ ಎಲ್ಲರೂ ಓಡಾಡುತ್ತೇವೆ. ಸೀಟು ಸಿಕ್ಕಿದ ಮೇಲೆ ಆ ಮಗು ತರಗತಿಯಲ್ಲಿ ಹೇಗೆ ಕೂರುತ್ತೆ, ಹೇಗೆ ಓದುತ್ತೆ, ಪರೀಕ್ಷೆ ಹೇಗೆ ಬರೆಯುತ್ತೆ ಅಂತ ಯಾರೂ ಕೇಳೋದಿಲ್ಲ.

ನಮ್ಮಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯನ್ನು ಬಿ.ಎ.ಗೆ ಸೇರಿಸಿದೆವು. ಅವಳದು ಮಂದದೃಷ್ಟಿ. ಪ್ರಮಾಣಪತ್ರ ಮಾಡಿಸಿದ್ದು ನಾವೇ, ಶುಲ್ಕದಲ್ಲಿ ಪಾಲು ಕೊಟ್ಟದ್ದೂ ನಾವೇ. ಧರ್ಮಕೇಂದ್ರದ ಗುರುಗಳು ಪ್ರಿನ್ಸಿಪಾಲರ ಹತ್ತಿರ ಮಾತಾಡಿದರು. ಅವರು ಕೂಡ ಒಳ್ಳೆಯವರೇ, "ಪರೀಕ್ಷೆಗೆ ಬರೆಯೋಕೆ ಒಬ್ಬರನ್ನ ಕೊಡ್ತೀವಿ, ಚಿಂತೆ ಬಿಡಿ" ಅಂದರು. ನಾವು ಚಿಂತೆ ಬಿಟ್ಟೆವು. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಕೇಂದ್ರ ಬೇರೆ ಕಾಲೇಜಿನಲ್ಲಿ ಬಿತ್ತು. ಅಲ್ಲಿಯ ಮುಖ್ಯ ಅಧೀಕ್ಷಕರು "ವಿಶ್ವವಿದ್ಯಾಲಯದ ಆದೇಶ ಎಲ್ಲಿದೆಯಮ್ಮಾ?" ಅಂತ ಕೇಳಿದರು. ಆದೇಶ ಇರಲಿಲ್ಲ. ಯಾಕೆಂದರೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲ. ಹುಡುಗಿ ಮೂರು ಗಂಟೆ ಹಾಳೆಗೆ ಮುಖ ಒತ್ತಿಕೊಂಡು ಬರೆದಳು, ಅರ್ಧಕ್ಕೂ ಉತ್ತರ ಬರೆಯಲಾಗಲಿಲ್ಲ. ಎರಡು ವಿಷಯ ಹೋಯಿತು. ನಮಗೆ ಇದು ಗೊತ್ತಾದದ್ದು ಎಷ್ಟೋ ವಾರಗಳಾದ ಮೇಲೆ, ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ನಿಂತಿದ್ದಾಗ ಅವಳ ತಾಯಿ ಹೇಳಿದ್ದರಿಂದ. "ನಂಗೆ ತಲೆ ಇಲ್ಲ ಅಂತ ಮನೇಲಿ ಕೂತಿದ್ದಾಳೆ" ಅಂದರು. ತಲೆಗೆ ಏನೂ ಆಗಿರಲಿಲ್ಲ, ಒಂದು ಕಾಗದ ಇರಲಿಲ್ಲ ಅಷ್ಟೆ.

ಕಾನೂನು ಏನು ಹೇಳುತ್ತದೆ?

1995ರ ವಿಕಲಚೇತನರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಇದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ, ಓದು ಬರಹದಲ್ಲಿ ಅಕ್ಷರ ಕಲಸಿಹೋಗುವ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಆಟಿಸಂ, ಪಾರ್ಕಿನ್‌ಸನ್, ಹಿಮೋಫೀಲಿಯಾ, ಕುಡಗೋಲು ಕಣ ರಕ್ತಹೀನತೆ ಇವೂ ಸೇರಿವೆ. ನಮ್ಮ ಚಾಮರಾಜನಗರ, ಕೊಡಗಿನ ಕಡೆಯ ಬುಡಕಟ್ಟು ಹಾಡಿಗಳಲ್ಲಿ ಈ ಕೊನೆಯ ಕಾಯಿಲೆ ಇರುವ ಮಕ್ಕಳಿದ್ದಾರೆ. ನೋಡುವುದಕ್ಕೆ ಏನೂ ಕಾಣುವುದಿಲ್ಲ. ನೋವು ಬಂದಾಗ ವಾರಗಟ್ಟಲೆ ತರಗತಿ ತಪ್ಪುತ್ತದೆ, ಹಾಜರಾತಿ ಕಡಿಮೆ ಅಂತ ಹಾಲ್ ಟಿಕೆಟ್ ತಡೆಹಿಡಿಯುತ್ತಾರೆ.

ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ. ಇದು ಹಲವರಿಗೆ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು 'ಸಮಂಜಸ ಹೊಂದಾಣಿಕೆ' ಎಂಬ ಮಾತು. ಹಾಗೆಂದರೆ ಎಲ್ಲರಿಗೂ ಒಂದೇ ಆಗಿರುವ ವ್ಯವಸ್ಥೆಯನ್ನು ಈ ಒಬ್ಬ ವಿದ್ಯಾರ್ಥಿಗೆ ಬೇಕಾದ ಹಾಗೆ ಸ್ವಲ್ಪ ಬದಲಾಯಿಸಿ ಕೊಡುವುದು. ಸಂಸ್ಥೆಗೆ ಮಿತಿಮೀರಿದ ಹೊರೆ ಆಗಬಾರದು ಎಂಬ ಮಾತೂ ಕಾನೂನಿನಲ್ಲೇ ಇದೆ. ನಾಳೆಯೇ ಲಿಫ್ಟ್ ಕಟ್ಟಿಸಿ ಅಂದರೆ ಅವರು ಹೊರೆ ಅನ್ನಬಹುದು. ಎರಡನೇ ಮಹಡಿಯ ತರಗತಿಯನ್ನು ಕೆಳಗಿನ ಕೋಣೆಗೆ ಹಾಕಿಕೊಡಿ ಅಂದರೆ ಅದರಲ್ಲಿ ಏನು ಹೊರೆ? ಟೈಮ್ ಟೇಬಲ್ ಬರೆಯುವವರ ಪೆನ್ನಿನ ಶಾಯಿ ಅಷ್ಟೆ.

ಇನ್ನೊಂದು ಮಾತು. ಸೀಟಿನ ಮೀಸಲಾತಿ ಸರ್ಕಾರಿ, ಅನುದಾನಿತ ಸಂಸ್ಥೆಗಳಿಗೆ ಮಾತ್ರ. ಆದರೆ ಹೊಂದಾಣಿಕೆಯ ವಿಷಯದಲ್ಲಿ ಕಾನೂನು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಗಳನ್ನೂ ಹೆಸರಿಸುತ್ತದೆ. ನಮ್ಮ ಧರ್ಮಸಭೆಯವರು ನಡೆಸುವ ಕಾಲೇಜುಗಳೂ ಇದರಲ್ಲಿ ಬಂತು. ಇದನ್ನು ನಾವು ನಮ್ಮವರಿಗೇ ಹೇಳಬೇಕಾಗಿದೆ.

ಕೇಳೋಕೆ ನಾಚಿಕೆ

ಅರ್ಜಿ ಹಾಕು ಅಂದರೆ ಮಕ್ಕಳು ಹಿಂಜರಿಯುತ್ತಾರೆ. "ಬೇರೆಯವರಿಗಿಲ್ಲದ್ದು ನನಗೆ ಯಾಕೆ? ಗೆಳೆಯರು ಏನಂದುಕೊಳ್ತಾರೆ?" ಮನೆಯವರು "ಹೊಂದಿಕೊಂಡು ಹೋಗು" ಅನ್ನುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಬರುವ ಜೆರಿಕೊ ದಾರಿಯ ಕುರುಡ ಬಾರ್ತಿಮಾಯನನ್ನು ನೆನೆಸಿಕೊಳ್ಳಿ. ಅವನು ಕೂಗಿದಾಗ ಸುಮ್ಮನಿರು ಅಂತ ಗದರಿದವರು ಸುತ್ತ ಇದ್ದ ಜನ. ಯೇಸು ಮಾತ್ರ ಅವನನ್ನು ಕರೆಸಿ, ನಿನಗೆ ಏನು ಬೇಕು ಅಂತ ಅವನನ್ನೇ ಕೇಳಿದರು. ಕುರುಡ ಅಂತ ಕಣ್ಣಿಗೆ ಕಾಣುತ್ತಿದ್ದರೂ ಕೇಳಿದರು. ನಾವು ಸಮಾಜ ಸೇವೆಯವರು ಹೆಚ್ಚಾಗಿ ಕೇಳದೆಯೇ ಕೊಡುತ್ತೇವೆ. ಆ ಹುಡುಗಿಗೆ ಒಂದು ಭೂತಗನ್ನಡಿ ಕೊಟ್ಟಿದ್ದೆವು, ಅದು ಅವಳ ಕಣ್ಣಿಗೆ ಪ್ರಯೋಜನವಾಗುತ್ತದೆಯೇ ಅಂತ ಕೇಳಿಯೇ ಇರಲಿಲ್ಲ.

ಹೆಚ್ಚಿನ ಸಮಯ ಕೊಟ್ಟರೆ ಪ್ರಶ್ನೆಪತ್ರಿಕೆ ಸುಲಭ ಆಗುವುದಿಲ್ಲ. ಉತ್ತರ ಗೊತ್ತಿದ್ದರೆ ತಾನೇ ಬರೆಸುವುದು?

ಅರ್ಜಿ: ಯಾರಿಗೆ, ಯಾವಾಗ, ಏನಂತ

ಮೊದಲು ಕೈಯಲ್ಲಿರಬೇಕಾದದ್ದು ಯುಡಿಐಡಿ ಕಾರ್ಡ್ ಮತ್ತು ವೈಕಲ್ಯ ಪ್ರಮಾಣಪತ್ರ. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಸ್ವಾವಲಂಬನ್ ಪೋರ್ಟಲ್ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಮಾಡಿದೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ಸಹಾಯ ಮಾಡುತ್ತಾರೆ.

ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಎಲ್ಲವೂ ಆಗದು. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ ಪರೀಕ್ಷಾ ಮಾರ್ಗಸೂಚಿಯಲ್ಲಿ ಅಂಧರು, ಎರಡೂ ಕೈ ಬಾಧಿತರಾದವರು ಮತ್ತು ಸೆರೆಬ್ರಲ್ ಪಾಲ್ಸಿ ಇರುವವರು ಬಯಸಿದರೆ ಸ್ಕ್ರೈಬ್, ಅಂದರೆ ಬರೆದುಕೊಡುವವರನ್ನು, ಕೊಡಬೇಕೆಂದಿತ್ತು. ಉಳಿದವರು ತಮಗೆ ಬರೆಯಲು ತೊಂದರೆ ಇದೆ ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಂದ ಬೇರೆಯೇ ಒಂದು ಪತ್ರ ತರಬೇಕಿತ್ತು. ಈ ಪತ್ರ ಇಲ್ಲದೆ ವಾಪಸು ಬಂದ ಅರ್ಜಿಗಳನ್ನು ನಾವು ಕಂಡಿದ್ದೇವೆ. ಸಮಯದ ಬಗ್ಗೆ ಅದೇ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಗೆ ಒಂದು ಗಂಟೆ, ಎಂದು ಹೇಳಿತ್ತು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ 2025ರ ಆಗಸ್ಟ್‌ನಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ವಿಶ್ವವಿದ್ಯಾಲಯಗಳು ತಮ್ಮದೇ ಸುತ್ತೋಲೆ ಹೊರಡಿಸುತ್ತವೆ. ಆದ್ದರಿಂದ ಸೇರಿದ ಮೊದಲ ತಿಂಗಳಲ್ಲೇ ಕಾಲೇಜು ಕಚೇರಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆಯ ಪ್ರತಿ ಕೇಳಿ ತೆಗೆದುಕೊಳ್ಳಿ.

ಶೇ. 40ಕ್ಕಿಂತ ಕಡಿಮೆ ಇದೆ, ನಮಗೆ ಸಿಗೋದಿಲ್ಲ ಅಂತ ಬಿಟ್ಟುಬಿಡಬೇಡಿ. ಕೈ ಹಿಡಿದುಕೊಂಡು ಬರೆಯಲಾಗದ ಒಬ್ಬ ಯುವಕನಿಗೆ ಲೋಕಸೇವಾ ಆಯೋಗ ಸ್ಕ್ರೈಬ್ ನಿರಾಕರಿಸಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್, ಶೇ. 40ರ ಗೆರೆ ಸೀಟು ಮತ್ತು ನೌಕರಿಯ ಮೀಸಲಾತಿಗೆ ಇರುವಂಥದ್ದು, ಸ್ಕ್ರೈಬ್ ಕೊಡಲು ಅದನ್ನು ಅಡ್ಡ ತರಬಾರದು ಎಂದು ತೀರ್ಪು ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಇಂಥವರಿಗಾಗಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು.

ಅರ್ಜಿಯನ್ನು ಪ್ರಿನ್ಸಿಪಾಲರ ಮೂಲಕ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಬರೆಯಬೇಕು. ಒಂದು ಪ್ರತಿಯ ಮೇಲೆ ಕಾಲೇಜಿನ ಮೊಹರು, ದಿನಾಂಕ ಹಾಕಿಸಿಕೊಳ್ಳಿ. "ನನಗೆ ಸಹಾಯ ಮಾಡಬೇಕಾಗಿ ವಿನಂತಿ" ಅಂತ ಮಾತ್ರ ಬರೆದರೆ ಓದಿದವರಿಗೆ ಏನು ಮಾಡಬೇಕೋ ತಿಳಿಯದು. ಹೀಗೆ ಬರೆಯಿರಿ:

"ನಾನು ಪ್ರಥಮ ಬಿ.ಎ. ವಿದ್ಯಾರ್ಥಿನಿ. ನನಗೆ ಮಂದದೃಷ್ಟಿ ಇದ್ದು ಸಣ್ಣ ಅಕ್ಷರ ಓದಲು, ವೇಗವಾಗಿ ಬರೆಯಲು ಆಗುವುದಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಕಲಮಿನ ಪ್ರಕಾರ ಈ ಸೆಮಿಸ್ಟರಿನ ಎಲ್ಲಾ ಪರೀಕ್ಷೆಗಳಿಗೆ ಮತ್ತು ಆಂತರಿಕ ಪರೀಕ್ಷೆಗಳಿಗೆ ಸ್ಕ್ರೈಬ್, ಹೆಚ್ಚಿನ ಸಮಯ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಮತ್ತು ನೆಲಮಹಡಿಯಲ್ಲಿ ಪ್ರತ್ಯೇಕ ಕೋಣೆ ಒದಗಿಸಬೇಕಾಗಿ, ಆದೇಶದ ಪ್ರತಿಯನ್ನು ನನಗೂ ಪರೀಕ್ಷಾ ಕೇಂದ್ರಕ್ಕೂ ಮುಂಚಿತವಾಗಿ ಕಳುಹಿಸಬೇಕಾಗಿ ಕೋರುತ್ತೇನೆ. ಪ್ರಮಾಣಪತ್ರಗಳನ್ನು ಲಗತ್ತಿಸಿದ್ದೇನೆ."

ಆಂತರಿಕ ಪರೀಕ್ಷೆ ಅನ್ನೋದನ್ನ ಮರೆಯಬೇಡಿ, ಅದರ ಅಂಕ ಕೂಡ ಸೇರುತ್ತದೆ. ಆದೇಶ ಬಂದ ಮೇಲೆ ಅದರ ಒಂದು ಪ್ರತಿ ಹಾಲ್ ಟಿಕೆಟ್ ಜೊತೆಯಲ್ಲೇ ಇರಬೇಕು. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಯಾರಾದರೂ ಕೇಂದ್ರಕ್ಕೆ ಹೋಗಿ ಅಧೀಕ್ಷಕರಿಗೆ ತೋರಿಸಿ ಬರುವುದು ಇನ್ನೂ ಒಳ್ಳೆಯದು.

ಇಷ್ಟೊಂದು ಮುಂಚೆ ಯಾಕೆ ಅಂತೀರಾ? 2021ರ ನೀಟ್ ಪರೀಕ್ಷೆಯಲ್ಲಿ ಡಿಸ್ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆ, ಇದ್ದ ಒಬ್ಬ ವಿದ್ಯಾರ್ಥಿನಿಗೆ ಸಿಗಬೇಕಾದ ಹೆಚ್ಚುವರಿ ಒಂದು ಗಂಟೆಯನ್ನು ಕೇಂದ್ರದವರು ಕೊಡಲಿಲ್ಲ, ಉತ್ತರಪತ್ರಿಕೆ ಕಿತ್ತುಕೊಂಡರು. ಅವಳು ಸುಪ್ರೀಂ ಕೋರ್ಟಿನ ತನಕ ಹೋದಳು. ಅವಳಿಗೆ ಅನ್ಯಾಯವಾಗಿದೆ ಎಂದು ಅದೇ ನವೆಂಬರಿನಲ್ಲಿ ಕೋರ್ಟ್ ಒಪ್ಪಿತು, ಪರಿಹಾರ ಯೋಚಿಸಲು ಪರೀಕ್ಷಾ ಸಂಸ್ಥೆಗೆ ಹೇಳಿತು. ಆದರೆ ಮರುಪರೀಕ್ಷೆಗೆ ಆದೇಶ ಕೊಡಲಿಲ್ಲ. ಕಳೆದುಹೋದ ಗಂಟೆಯನ್ನು ಸುಪ್ರೀಂ ಕೋರ್ಟೂ ವಾಪಸು ತಂದುಕೊಡಲಿಲ್ಲ.

ಬರೆದುಕೊಡುವವರ ಬಗ್ಗೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಹೆಚ್ಚು ತೊಂದರೆ ಆಗುವುದು ಇಲ್ಲಿಯೇ. ಸಾಮಾನ್ಯವಾಗಿ ಸ್ಕ್ರೈಬ್ ವಿದ್ಯಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಬಿ.ಎ. ಹುಡುಗಿಗೆ ಪಿಯುಸಿ ಓದುವವರು ಸಿಗುತ್ತಾರೆ ಅನ್ನಿ. ಅವರು ವಿಜ್ಞಾನದವರಾದರೆ ಅರ್ಥಶಾಸ್ತ್ರದ ಪದಗಳನ್ನು ಕೇಳಿಯೇ ಇರುವುದಿಲ್ಲ. 'ಅನುಭೋಗ' ಅಂದರೆ 'ಅನುಭವ' ಅಂತ ಬರೆಯುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಾದರೆ ಕನ್ನಡದ ಒತ್ತಕ್ಷರಕ್ಕೆ ತಡವರಿಸುತ್ತಾರೆ. ಹೇಳುವವಳಿಗೂ ಅಭ್ಯಾಸ ಬೇಕು. ಮನಸ್ಸಿನಲ್ಲಿ ಉತ್ತರ ಕಟ್ಟಿಕೊಂಡು, ಪೂರ್ಣವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ, ಯಾವುದಕ್ಕೆ ಅಡಿಗೆರೆ ಅಂತೆಲ್ಲ ಬಾಯಲ್ಲಿ ಹೇಳುವುದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ. ಪರೀಕ್ಷೆಗೆ ಒಂದು ತಿಂಗಳು ಇರುವಾಗಲೇ ವಾರಕ್ಕೆ ಎರಡು ಸಂಜೆ ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಬರೆಸಿ. ಪರೀಕ್ಷೆಯ ದಿನ ಬರುವ ಸ್ಕ್ರೈಬ್ ಬೇರೆಯವರಾದರೂ ಹೇಳುವ ಅಭ್ಯಾಸ ಆಗಿರುತ್ತದೆ. ಯುವಜನ ಸಂಘದವರಿಗೆ ಇದು ಒಳ್ಳೆಯ ಕೆಲಸ. ಪರೀಕ್ಷೆಯ ದಿನ ಕೈಕೊಡದ ಹುಡುಗರು ಬೇಕು ಅಷ್ಟೆ. ಆದೇಶದಲ್ಲಿ ಬದಲಿ ಸ್ಕ್ರೈಬ್‌ಗೂ ಅನುಮತಿ ಕೇಳಿರಿ.

ಒಂದು ಸಣ್ಣ ಮಾತು. ಹೆಚ್ಚುವರಿ ಒಂದು ಗಂಟೆ ಸಿಕ್ಕಿದರೆ ಊರಿನ ಕೊನೆ ಬಸ್ಸು ತಪ್ಪುತ್ತದೆ. ಬಸ್ಸಿನ ಭಯಕ್ಕೆ ಆ ಗಂಟೆಯನ್ನೇ ಬಿಟ್ಟು ಎದ್ದು ಬಂದವರಿದ್ದಾರೆ. ಮಧ್ಯಾಹ್ನದ ಪರೀಕ್ಷೆ ಇದ್ದ ದಿನಗಳಿಗೆ ವಾಹನ, ಇಲ್ಲವೇ ಪಟ್ಟಣದಲ್ಲಿ ಸಿಸ್ಟರುಗಳ ಹಾಸ್ಟೆಲಿನಲ್ಲಿ ಒಂದು ರಾತ್ರಿಯ ವ್ಯವಸ್ಥೆ ಮೊದಲೇ ನೋಡಿಕೊಳ್ಳಿ.

ಓದೋಕೆ ಏನು?

ಪರೀಕ್ಷೆ ಕೊನೆಯ ಮಾತು, ಅದಕ್ಕೆ ಮೊದಲು ಓದಬೇಕಲ್ಲ. ಕಣ್ಣು ಕಾಣದವರು ಈಗ ಫೋನು, ಕಂಪ್ಯೂಟರುಗಳಲ್ಲಿ ಪಾಠ ಕೇಳಿ ಓದುತ್ತಾರೆ. ಎನ್‌ವಿಡಿಎ ಎಂಬ ಓದಿ ಹೇಳುವ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಉಪನ್ಯಾಸಕರು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ನೋಟ್ಸ್ ಕೊಟ್ಟರೆ ಅದು ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಜೆರಾಕ್ಸ್ ಹಾಳೆಯ ಫೋಟೋ ಕೊಟ್ಟರೂ ಕಷ್ಟವೇ. ಆದ್ದರಿಂದ "ನೋಟ್ಸನ್ನು ಯುನಿಕೋಡಿನಲ್ಲಿ ಕೊಡಿ ಸರ್" ಅಂತ ಕೇಳಬೇಕು. ಇದಕ್ಕೆ ಖರ್ಚಿಲ್ಲ, ಇಡೀ ತರಗತಿಗೂ ಅನುಕೂಲ. ಪುಸ್ತಕ ಸ್ಕ್ಯಾನ್ ಮಾಡಿದರೆ ಕೇಸು ಆಗುತ್ತದೆಂದು ಗ್ರಂಥಾಲಯದವರು ಹೆದರುವುದುಂಟು. ಮುದ್ರಿತ ಪುಸ್ತಕ ಓದಲಾಗದವರಿಗೆ ಓದಲು ಬರುವ ರೂಪಕ್ಕೆ ಪರಿವರ್ತಿಸುವುದು ತಪ್ಪಲ್ಲವೆಂದು 2012ರಲ್ಲೇ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲೂ ಹುಡುಕಬಹುದು.

ಕಿವಿ ಕೇಳದವರಿಗೆ ಮುಂದಿನ ಬೆಂಚು, ಪಾಠ ಮಾಡುವವರು ಬೋರ್ಡಿನ ಕಡೆ ತಿರುಗಿ ಮಾತಾಡದಿರುವುದು, ಗೆಳೆಯರ ನೋಟ್ಸಿನ ಪ್ರತಿ ಇಷ್ಟು ಮೊದಲ ದಿನದಿಂದಲೇ ಆಗಬಹುದು. ಕಲಿಕಾ ನ್ಯೂನತೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆ ಇದೆ. ಮಾನಸಿಕ ಕಾಯಿಲೆ, ರಕ್ತದ ಕಾಯಿಲೆ ಇರುವವರು ಹಾಜರಾತಿ ಕಡಿಮೆ ಆದ ಮೇಲೆ ಚೀಟಿ ತರುವ ಬದಲು ವರ್ಷದ ಆರಂಭದಲ್ಲೇ ವೈದ್ಯರ ಪತ್ರ ಕೊಟ್ಟಿರಲಿ. ಕಾಯಿಲೆಯ ಹೆಸರನ್ನು ಇಡೀ ಕಾಲೇಜಿಗೆ ಹೇಳಬೇಕಾಗಿಲ್ಲ, ಪ್ರಿನ್ಸಿಪಾಲರಿಗೆ ಗೊತ್ತಿದ್ದರೆ ಸಾಕು.

ಇಲ್ಲ ಅಂದರೆ?

ಯಾಕೆ ಇಲ್ಲ ಅನ್ನೋದನ್ನ ಬರಹದಲ್ಲಿ ಕೊಡಿ ಅಂತ ಕೇಳಿ. ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ, ನಮ್ಮ ಅನುಭವ ಇದು. ಆಮೇಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ. ಅರ್ಜಿಯ ಮೊಹರು ಹಾಕಿದ ಪ್ರತಿಯೊಂದಿಗೆ ದೂರು ಕಳುಹಿಸಬಹುದು. ಆಯುಕ್ತರು ವಿಚಾರಿಸಿ ಶಿಫಾರಸು ಮಾಡುತ್ತಾರೆ, ಸಂಬಂಧಪಟ್ಟವರು ಕ್ರಮ ಕೈಗೊಂಡು ಮೂರು ತಿಂಗಳಲ್ಲಿ ತಿಳಿಸಬೇಕು. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿಯವರೆಗೆ ದಂಡವೂ ಇದೆ. ಆದರೆ ಮೊದಲ ಭೇಟಿಯಲ್ಲೇ ದಂಡದ ಮಾತು ತೆಗೆಯಬೇಡಿ, ಮಗು ಮೂರು ವರ್ಷ ಅಲ್ಲೇ ಓದಬೇಕು.

ಆ ಹುಡುಗಿಯ ಮನೆಗೆ ನಾವು ನಾಲ್ಕು ಸಲ ಹೋದೆವು. ಮೂರು ಸಲ ಅವಳು ಹೊರಗೆ ಬರಲಿಲ್ಲ. ನಾಲ್ಕನೇ ಸಲ ಅರ್ಜಿ ತಾನೇ ಹೇಳಿ ಬರೆಸಿದಳು. ಭೂತಗನ್ನಡಿ ವಾಪಸು ಕೊಟ್ಟಳು, ಅದರಲ್ಲಿ ತಲೆ ನೋಯುತ್ತೆ ಅಂದಳು. ಆದೇಶ ಪರೀಕ್ಷೆಗೆ ಒಂಬತ್ತು ದಿನ ಮೊದಲು ಬಂತು. ಉಳಿದ ಎರಡು ವಿಷಯಗಳನ್ನು ಆ ಸಲವೇ ಪಾಸು ಮಾಡಿಕೊಂಡಳು.

ಈ ತಿಂಗಳ ಸಂಘದ ಸಭೆಯಲ್ಲಿ ನಿಮ್ಮ ಊರಿನಿಂದ ಕಾಲೇಜಿಗೆ ಹೋಗುತ್ತಿರುವ ಅಥವಾ ಅರ್ಧಕ್ಕೆ ಬಿಟ್ಟಿರುವ ವಿಕಲಚೇತನ ಮಕ್ಕಳು ಯಾರಿದ್ದಾರೆಂದು ಪಟ್ಟಿ ಮಾಡಿ. ಅವರ ಮನೆಗೆ ಹೋಗಿ, ಏನು ಬೇಕೆಂದು ಅವರನ್ನೇ ಕೇಳಿ, ಪಟ್ಟಿಯನ್ನು ಮುಂದಿನ ತಿಂಗಳು ನಿಮ್ಮ ವಲಯದ ಕಾರ್ಯಕರ್ತರ ಕೈಗೆ ಕೊಡಿ.