ಮಿದುಳಿನ ವಾಹಕಗಳೂ ಔಷಧಗಳೂ
ವಾಚನಾಲಯಗಳಲ್ಲಿ ಪರೀಕ್ಷೆಗೆಂದು ಕುಳಿತ ವಿದ್ಯಾರ್ಥಿಯು ಮೊದಲು ಅರಿಯತಕ್ಕುದೇನೆಂದರೆ, ನರಕೋಶವು ಸ್ರವಿಸಿದ ಡೋಪಮೀನನ್ನು ಸೋಡಿಯಂ ಅಯಾನುಗಳ ಬಲದಿಂದ ಮರಳಿ ಒಳಗೊಯ್ಯುವ, ಹನ್ನೆರಡು ಸಲ ಕೋಶಪೊರೆಯನ್ನು ಹಾಯ್ದುಹೋಗುವ ವಾಹಕ ಪ್ರೋಟೀನಿನ ನಡುಗುಳಿಯಲ್ಲಿಯೇ ಉತ್ತೇಜಕಗಳೂ ಹಲವು ಖಿನ್ನತಾನಿವಾರಕಗಳೂ ನೆಲೆಗೊಳ್ಳುತ್ತವೆ. ಕೊಕೇನ್, ನಾರ್ಟ್ರಿಪ್ಟಿಲಿನ್‌ಗಳು ಅಲ್ಲಿ ಬೆಣೆಯಂತೆ ಸಿಲುಕಿ ವಾಹಕವನ್ನು ಹೊರಮುಖವಾಗಿಯೇ ಸ್ತಂಭಿಸಿದರೆ, ಆಂಫೆಟಮೀನ್ ಮಾತ್ರ ಡೋಪಮೀನಿನ ವೇಷದಲ್ಲಿ ಒಳಹೊಕ್ಕು ಕೂಡಿಟ್ಟ ದಾಸ್ತಾನನ್ನೇ ಹೊರಚೆಲ್ಲಿಸುತ್ತದೆ; ವಿದ್ಯಾರ್ಥಿಗಳು ಎಡವುವುದು ಈ ಭೇದದಲ್ಲಿಯೇ.

ಎರಿಕ್ ಗೊವೊ ಅವರ ಅಮೆರಿಕದ ಪ್ರಯೋಗಶಾಲೆಯಲ್ಲಿದ್ದು 2013ರಲ್ಲಿ ಹಣ್ಣುನೊಣದ ಡೋಪಮೀನ್ ವಾಹಕದ ರಚನೆಯನ್ನು ಕ್ಷ-ಕಿರಣಗಳಿಂದ ಕಂಡುಹಿಡಿದ ಅರವಿಂದ ಪೆನ್ಮತ್ಸ ಅವರು, ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಂಗಡಿಗರೊಡನೆ ನೊಣದ ಆ ವಾಹಕವನ್ನೇ ಮಾನವನ ನಾರ್‌ಅಡ್ರಿನಲಿನ್ ವಾಹಕವನ್ನು ಹೋಲುವಂತೆ ತಿದ್ದಿ (ನೊಣಕ್ಕೂ ನಮಗೂ ಅಷ್ಟು ನೆಂಟಸ್ತಿಕೆ!), ಡುಲಾಕ್ಸಿಟಿನ್, ಟ್ರಮಡಾಲ್ ಔಷಧಗಳು ಆ ಗುಳಿಯಲ್ಲಿ ಕೂರುವ ಬಗೆಯನ್ನು 2021ರಲ್ಲಿ ಪ್ರಕಟಿಸಿದರು.