ಪೆನ್ ಡ್ರೈವ್ ಎಂಬ ಬುತ್ತಿ ಗಂಟು



ಹೊಲಕ್ಕೆ ಬುತ್ತಿ ಕಟ್ಟುವಾಗ ನಾವು ಏನು ಮಾಡುತ್ತೇವೆ? ಅಡುಗೆಮನೆಯಲ್ಲಿ ಇರೋದನ್ನೆಲ್ಲ ಕಟ್ಟುತ್ತೇವೆಯೇ? ಇಲ್ಲ. ಬೇಕಾದ ರೊಟ್ಟಿ, ಪಲ್ಯ, ಚಟ್ನಿ ಅಷ್ಟೇ ಕಟ್ಟುತ್ತೇವೆ.

ಪೆನ್ ಡ್ರೈವ್ ಕೂಡ ಬುತ್ತಿ ಗಂಟು ಇದ್ದ ಹಾಗೆ. ನೋಡಲು ಬೆರಳಿನಷ್ಟು. ಒಂದು ಕಂಪ್ಯೂಟರ್‌ನಲ್ಲಿ ಬರೆದದ್ದನ್ನು ಇನ್ನೊಂದು ಕಂಪ್ಯೂಟರ್‌ಗೆ ಒಯ್ಯುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಡ. ಇದು ಮೊದಲು ಮಾರಾಟಕ್ಕೆ ಬಂದದ್ದು 2000ನೇ ಇಸವಿಯಲ್ಲಿ.

ನಮ್ಮಲ್ಲಿ ನಡೆದದ್ದು

ನಮ್ಮದು ಉಳಿತಾಯ ಸಂಘ. ಲೆಕ್ಕವನ್ನು ಊರಿನ ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಬರೆಯುತ್ತೇವೆ. ತಿಂಗಳಿಗೊಮ್ಮೆ ಆ ಫೈಲನ್ನು ಪೆನ್ ಡ್ರೈವ್‌ನಲ್ಲಿ ಒಕ್ಕೂಟಕ್ಕೆ ಒಯ್ಯುತ್ತೇವೆ. ಅಲ್ಲಿ ಬಡ್ಡಿ ಸೇರಿಸಿ ಕೊಡುತ್ತಾರೆ. ವಾಪಸ್ ತಂದು ನಮ್ಮ ಕಂಪ್ಯೂಟರ್‌ಗೆ ಹಾಕಬೇಕು.

ಒಂದು ಸಲ ವಾಪಸ್ ತಂದ ಫೈಲು ಎರಡು ವಾರ ಪೆನ್ ಡ್ರೈವ್‌ನಲ್ಲೇ ಉಳಿಯಿತು. ಅಷ್ಟರಲ್ಲಿ ಊರಲ್ಲಿ ನಾಲ್ಕು ಜನ ಸಾಲದ ಕಂತು ಕಟ್ಟಿದರು. ಅದನ್ನು ಕಂಪ್ಯೂಟರ್‌ನಲ್ಲಿ ಬರೆದೆವು. ಆಮೇಲೆ ಪೆನ್ ಡ್ರೈವ್‌ನ ಫೈಲನ್ನೂ ಹಾಕಿದೆವು. "ಇದೇ ಹೆಸರಿನ ಫೈಲು ಇದೆ. ಬದಲಿಸಲೇ?" ಎಂದು ಕಂಪ್ಯೂಟರ್ ಕೇಳಿತು. ನಾವು ಓದಲೇ ಇಲ್ಲ. ಹೂಂ ಅಂದುಬಿಟ್ಟೆವು. ನಾಲ್ಕು ಕಂತೂ ಅಳಿಸಿ ಹೋದವು!

ಮುಂದಿನ ಸಭೆಯಲ್ಲಿ ಒಬ್ಬ ಅಕ್ಕನ ಹೆಸರಿನ ಮುಂದೆ "ಕಂತು ಬಾಕಿ" ಅಂತ ಬಂತು. "ನಾ ರೊಕ್ಕ ಕಟ್ಟೀನ್ರವ್ವಾ. ನಾ ಯಾಕ ಸುಳ್ಳ ಹೇಳ್ಲಿ?" ಎಂದು ಅವರು ಕಣ್ಣೀರು ಹಾಕಿದರು. ಸೆರಗಿನ ಗಂಟು ಬಿಚ್ಚಿ ರಸೀದಿ ತೆಗೆದರು. ತಾರೀಕು, ಮೊತ್ತ ಎರಡನ್ನೂ ತಾವೇ ಗಟ್ಟಿಯಾಗಿ ಓದಿದರು. ಅಕ್ಷರ ಕಲಿತದ್ದು ಅವರ ಮಾನ ಉಳಿಸಿತು. ನಾವೆಲ್ಲ ತಲೆ ತಗ್ಗಿಸಿದೆವು.

ನಾವು ಮಾಡಿಕೊಂಡ ನಿಯಮಗಳು

1. ಬೇಕಾದ್ದು ಮಾತ್ರ ಒಯ್ಯಿರಿ. 'ಸಂಘ' ಅಂತ ಒಂದು ಫೋಲ್ಡರ್ ಮಾಡಿ. ಉಳಿತಾಯ, ಸಾಲ, ಸಭೆ ನಡಾವಳಿ, ಈ ಮೂರೇ ಫೈಲು ಸಾಕು. ಆಧಾರ್, ಪಾಸ್‌ಬುಕ್ ಚಿತ್ರ ಬೇಡ. ಪೆನ್ ಡ್ರೈವ್ ಕಳೆದರೆ ಅವು ಯಾರದೋ ಕೈ ಸೇರುತ್ತವೆ.

2. ತಾರೀಕು ನೋಡಿ. ಫೈಲನ್ನು ಕೊನೆಗೆ ತಿದ್ದಿದ ದಿನ, ಗಂಟೆ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ಹಳೆಯದರ ಜಾಗಕ್ಕೆ ಹೊಸದು ಬರಬೇಕು. ಹೊಸದರ ಜಾಗಕ್ಕೆ ಹಳೆಯದು ಬರಬಾರದು. ಕಂಪ್ಯೂಟರ್‌ನ ಗಡಿಯಾರ ತಪ್ಪಿದ್ದರೆ ಈ ತಾರೀಕೂ ತಪ್ಪುತ್ತದೆ. ಅದನ್ನೂ ನೋಡಿ.

3. ಎರಡೂ ಕಡೆ ತಿದ್ದಿದ್ದರೆ ಯಾವುದನ್ನೂ ಅಳಿಸಬೇಡಿ. ನಮ್ಮಲ್ಲಿ ಆದದ್ದು ಇದೇ. ಅಲ್ಲಿ ಬಡ್ಡಿ ಸೇರಿತ್ತು, ಇಲ್ಲಿ ಕಂತು ಸೇರಿತ್ತು. ಬೇರೆ ಬೇರೆ ಹೆಸರಿಟ್ಟು ಎರಡನ್ನೂ ಉಳಿಸಿ. ಸಾಲು ಸಾಲಾಗಿ ಹೋಲಿಸಿ ಒಂದು ಮಾಡಿ.

4. ಬುತ್ತಿ ಬಂದ ದಿನವೇ ಬಿಚ್ಚಿ. ಫೈಲು ಹೊರಗೆ ಹೋದಾಗ ಊರಿನ ಲೆಕ್ಕ ವಹಿಯಲ್ಲಿ ಮಾತ್ರ ಬರೆಯಿರಿ. ಫೈಲು ಬಂದ ಮೇಲೆ ಕಂಪ್ಯೂಟರ್‌ಗೆ ಏರಿಸಿ.

5. ಕಾಪಿ ಮಾಡಿ, ಕಟ್ ಮಾಡಬೇಡಿ. ಕಾಪಿ ಮಾಡಿದರೆ ಮೂಲ ಅಲ್ಲೇ ಉಳಿಯುತ್ತದೆ. ಕಟ್ ಮಾಡಿ ಬೇರೆ ಕಡೆ ಹಾಕಿದರೆ ಅಲ್ಲಿಂದ ಹೋಗಿಬಿಡುತ್ತದೆ.

6. ಪೆನ್ ಡ್ರೈವ್‌ನಿಂದ ವೈರಸ್ ಹರಡಬಹುದು. ಚುಚ್ಚಿದ ಕೂಡಲೇ ಪರೀಕ್ಷೆ ಮಾಡಿ.

7. ಥಟ್ಟನೆ ಕೀಳಬೇಡಿ. ತೆಗೆಯುತ್ತೇನೆ ಎಂದು ಮೊದಲು ಕಂಪ್ಯೂಟರ್‌ಗೆ ಸೂಚನೆ ಕೊಡಿ. ಬರೆಯುವಾಗ ಕಿತ್ತರೆ ಫೈಲು ಕೆಡಬಹುದು.

ಎರಡು ಕಡೆಯ ಫೈಲು ಹೋಲಿಸಲು ತಂತ್ರಾಂಶಗಳೂ ಇವೆ. 'ಫ್ರೀಫೈಲ್‌ಸಿಂಕ್' ಅಂಥದ್ದು. ಯಾವ ಫೈಲು ಯಾವ ಕಡೆಗೆ ಹೋಗುತ್ತದೆ ಎಂದು ಅದು ಮೊದಲೇ ಪಟ್ಟಿ ತೋರಿಸುತ್ತದೆ. ಪಟ್ಟಿ ಓದಿಯೇ ಒಪ್ಪಿಗೆ ಕೊಡಿ.

ಕಂಪ್ಯೂಟರ್ ಬಂತೆಂದು ಕೈಬರಹದ ವಹಿ, ರಸೀದಿ ಬಿಡಬೇಡಿ. ಅವೇ ನಮ್ಮ ಸಾಕ್ಷಿ.

ಓದಿ, ಉತ್ತರಿಸಿ

1. ಕಂಪ್ಯೂಟರ್‌ನ 'ಸಾಲ' ಫೈಲು ಜೂನ್ 12ರದು. ಪೆನ್ ಡ್ರೈವ್‌ನದು ಜೂನ್ 5ರದು. ಜೂನ್ 5ರ ನಂತರ ತಿದ್ದಿದ್ದು ಕಂಪ್ಯೂಟರ್‌ನಲ್ಲಿ ಮಾತ್ರ. ಯಾವುದನ್ನು ಉಳಿಸಬೇಕು?
2. ಆ ಅಕ್ಕನ ಮಾನ ಉಳಿಸಿದ್ದು ಏನು?
3. ನಿಮ್ಮ ಸಂಘದ ಲೆಕ್ಕ ಎಷ್ಟು ಕಡೆ ಇದೆ? ಕೇಳಿ ತಿಳಿದು ಬರೆಯಿರಿ.