ಗಾಂಜಾ ಬಿಟ್ಟರೂ ಪರೀಕ್ಷೆಯಲ್ಲಿ ಏಕೆ ಕಾಣುತ್ತದೆ?



ಭಾಲ್ಕಿ ತಾಲೂಕಿನ ಒಂದು ಸಂಘದ ಸಭೆಯಲ್ಲಿ ತಾಯಿಯೊಬ್ಬರು ಅತ್ತರು. "ಸಿಸ್ಟರ್, ಮಗ ಗಾಂಜಾ ಬಿಟ್ಟು ಹತ್ತು ದಿನ ಆಯ್ತು ಅಂತಾನ. ಮೂತ್ರ ಪರೀಕ್ಷೆದಾಗ ಇನ್ನೂ ಅದ ಅಂತ ಬಂತು. ಸುಳ್ಳ ಹೇಳ್ತಾನ ಅಂತ ಅವರಪ್ಪ ಮನಿಯಿಂದ ಹೊರಗ ಹಾಕಿದರು." ಹುಡುಗ ಹೇಳಿದ್ದು ನಿಜವೇ ಇರಬಹುದು. ಹೇಗೆಂದು ತಿಳಿಯೋಣ.

ದೇಹದಲ್ಲಿ ಏನಾಗುತ್ತದೆ?
ಉಪ್ಪು ಹಾಕಿದ ಪಾತ್ರೆ ಒಂದೇ ನೀರಿಗೆ ಸ್ವಚ್ಛವಾಗುತ್ತದೆ. ತುಪ್ಪದ ಪಾತ್ರೆ ಹಾಗಲ್ಲ. ಗಾಂಜಾದ ನಶೆಯ ಅಂಶವಾದ ಟಿಎಚ್‌ಸಿ ತುಪ್ಪದಂತೆ ಕೊಬ್ಬಿಗೆ ಅಂಟುವಂಥದು. ಸೇದಿದ ಕೆಲವೇ ನಿಮಿಷಗಳಲ್ಲಿ ಮೆದುಳು ಸೇರಿ, ಆಮೇಲೆ ಕೊಬ್ಬಿನಲ್ಲಿ ಕೂಡುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬರುತ್ತದೆ. ಲಿವರ್ ಅದನ್ನು ಒಡೆದು ಮಲ, ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಪರೀಕ್ಷೆ ಹಿಡಿಯುವುದು ಈ ಒಡೆದ, ನಶೆಯಿಲ್ಲದ ಅಂಶವನ್ನು. ಒಮ್ಮೆ ಸೇದಿದವರಲ್ಲಿ ಸುಮಾರು 3 ದಿನ, ದಿನಾ ಸೇದಿದವರಲ್ಲಿ 30 ದಿನದವರೆಗೂ ಕಾಣಬಹುದು. ಮಜ್ಜಿಗೆ, ಲಿಂಬೆ ನೀರು ಕುಡಿಸಿದರೆ ತೊಳೆದು ಹೋಗುವುದಿಲ್ಲ.

ಕೃತಕ ಗಾಂಜಾ
ಇದು ಗಿಡದ್ದಲ್ಲ. ರಾಸಾಯನಿಕವನ್ನು ಒಣ ಸೊಪ್ಪಿಗೆ ಸಿಂಪಡಿಸಿದ್ದು. 2000ರ ದಶಕದಲ್ಲಿ ಹೊರದೇಶಗಳಲ್ಲಿ 'ಸ್ಪೈಸ್', 'ಕೆ-2' ಎಂಬ ಹೆಸರಲ್ಲಿ ಹರಡಿತು. ಇದೂ ಕೊಬ್ಬಿಗೆ ಅಂಟುತ್ತದೆ. ಲಿವರ್ ಒಡೆದ ಮೇಲೂ ಇದರ ಕೆಲವು ತುಣುಕುಗಳಲ್ಲಿ ನಶೆ ಉಳಿಯುತ್ತದೆ. ಮೆದುಳನ್ನು ಗಾಂಜಾಕ್ಕಿಂತ ಬಲವಾಗಿ ಹಿಡಿಯುವುದರಿಂದ ಫಿಟ್ಸ್, ಎದೆಬಡಿತ, ಸಾವೂ ಆಗಬಹುದು. ಆದರೆ ಗಾಂಜಾದ ಸಾಮಾನ್ಯ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ!

ನೆನಪಿಡಿ: 'ಇದೆ' ಎಂದು ಬಂದರೆ ನಿನ್ನೆಯೇ ಸೇದಿದ ಎಂದಲ್ಲ. 'ಇಲ್ಲ' ಎಂದು ಬಂದರೆ ಏನೂ ಸೇದಿಲ್ಲ ಎಂದೂ ಅಲ್ಲ.

ನಾವು ಏನು ಮಾಡಬೇಕು?
1. ಒಂದೇ ಪರೀಕ್ಷೆ ನೋಡಿ ತೀರ್ಪು ಕೊಡಬೇಡಿ. ಡಾಕ್ಟರರಿಗೆ ತೋರಿಸಿ.
2. ಬಿಟ್ಟ ಮೊದಲ ಒಂದೆರಡು ವಾರ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಆಗಲೇ ಮನೆಯವರ ಆಸರೆ ಬೇಕು.
3. ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ.
4. ಭಾಲ್ಕಿ, ಔರಾದ್‌ನವರು ತಾಲೂಕು ಆಸ್ಪತ್ರೆಯಲ್ಲಿ, ಬೀದರಿನವರು ಬ್ರಿಮ್ಸ್‌ನಲ್ಲಿ ವಿಚಾರಿಸಿ. ವ್ಯಸನ ಬಿಡಿಸುವ ಉಚಿತ ಸಹಾಯವಾಣಿ 14446.
5. ಕೇಸಾಗುತ್ತದೆಂದು ಹೆದರಿ ಮುಚ್ಚಿಡಬೇಡಿ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಬಂದು ಚಿಕಿತ್ಸೆ ಪೂರ್ತಿ ಮಾಡುವ ವ್ಯಸನಿಗೆ ಸೇವನೆಯ ಕೇಸಿನಿಂದ ರಕ್ಷಣೆ ಕೊಡುತ್ತದೆ.

ಸಂಘದಲ್ಲಿ ಚರ್ಚಿಸೋಣ: ನಮ್ಮ ಓಣಿಯಲ್ಲಿ ಇಂಥ ಮಗನಿದ್ದರೆ ಆ ತಾಯಿಯ ಜೊತೆ ಆಸ್ಪತ್ರೆಗೆ ಹೋಗುವವರು ಯಾರು?